ಅಡ್ಡ ಹಾಕಿದ ಹಾಳೆ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅತ್ತೆ ಊಟದ ಮೇಜಿನ ಮೇಲೆ ಕಾಗದದ ಒಂದು ಎಳೆಯನ್ನು ಹೆಬ್ಬೆರಳಿನಿಂದ ನೀವಿ ನೇರ ಮಾಡಿ, ಯಾರೋ ಒಬ್ಬ ಗಂಡಸಿನ ಹೆಸರು, ಹುಟ್ಟಿದ ತಾರೀಖು, ಗುರುತಿನ ಚೀಟಿಯ ಸಂಖ್ಯೆ ಮೂರನ್ನೂ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, "ನನಗಿಂತ ಎರಡು ವರ್ಷಕ್ಕೆ ಚಿಕ್ಕವನು" ಎಂದರು.

ಅವನು ಕಿಟಕಿಯ ಪಕ್ಕ ಕೂತು, ಅಂಚೆಯಲ್ಲಿ ಬಂದ ವಾರಪತ್ರಿಕೆಯ ಮುಖಪುಟದಿಂದ ತನ್ನ ವಿಳಾಸದ ಭಾಗವನ್ನು ಕತ್ತರಿಸಿ ತೆಗೆಯುತ್ತಿದ್ದ. ಅತ್ತೆ ಓದುವುದು ಹೊಸದೇನಲ್ಲ. ಮಾತ್ರೆಯ ಡಬ್ಬಿಯೊಳಗಿನ ಚೀಟಿ, ಸಾಬೂನಿನ ಹೊದಿಕೆ, ಬಸ್ ಟಿಕೆಟಿನ ಹಿಂಬದಿಯ ನಿಯಮಗಳು, ಕಣ್ಣಿಗೆ ಬಿದ್ದ ಅಕ್ಷರವನ್ನು ಅವರು ಹಾಗೇ ಬಿಟ್ಟವರಲ್ಲ, ಓದಿದ್ದನ್ನು ಮನೆಗೆಲ್ಲ ಕೇಳಿಸದೆ ಇದ್ದವರೂ ಅಲ್ಲ. ಹಾಗಾಗಿ ಅವನು ತಲೆ ಎತ್ತಲಿಲ್ಲ. ಹೆಂಡತಿ ನಿನ್ನೆ ಕೊಂಡು ತಂದ ಪಿಂಗಾಣಿ ಬಟ್ಟಲುಗಳನ್ನು ಒಂದೊಂದಾಗಿ ಪೆಟ್ಟಿಗೆಯಿಂದ ತೆಗೆದು ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಿದ್ದಳು. ಒಡೆಯದಿರಲೆಂದು ನಡುವೆ ತುರುಕಿದ್ದ ಕಾಗದದ ಎಳೆಗಳು ಬಿಚ್ಚಿದ ಜಡೆಯ ಹಾಗೆ ಮೇಜಿನ ತುಂಬ ಹರಡಿದ್ದವು. ಅತ್ತೆ ಇನ್ನೊಂದು ಎಳೆ ಎತ್ತಿಕೊಂಡರು. ಈ ಸಲ ಹೆಂಗಸಿನ ಹೆಸರು. ಹೆಸರು, ತಾರೀಖು, ಸಂಖ್ಯೆ. ಅದೇ ಕ್ರಮ. ಆ ಕ್ರಮ ತನ್ನದು ಎಂದು ಅವನಿಗೆ ಹೊಳೆದಾಗ ಕತ್ತರಿ ಮುಖಪುಟದ ನಟಿಯ ಭುಜದೊಳಕ್ಕೆ ನುಗ್ಗಿ ನಿಂತಿತು.

ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರ ಮ್ಯಾನೇಜರು ಅವನು. ಲ್ಯಾಬಿಗೆ ಬಂದವರ ನೋಂದಣಿ ಚೀಟಿಯ ಮೊದಲ ಸಾಲಿನಲ್ಲಿ ಈ ಮೂರೂ ವಿವರ ಒಟ್ಟಿಗೆ ಬರುವಂತೆ ವಿನ್ಯಾಸ ಮಾಡಿದವನು ಅವನೇ. ಮೊದಲು ಮೂರು ಸಾಲು ಹಿಡಿಯುತ್ತಿದ್ದುದನ್ನು ಒಂದು ಸಾಲಿಗೆ ಇಳಿಸಿದ್ದಕ್ಕೆ ಲ್ಯಾಬಿನ ಒಡತಿ ಡಾಕ್ಟರಮ್ಮ ಎಲ್ಲರ ಮುಂದೆ ಹೊಗಳಿದ್ದರು. ಮನೆಯಲ್ಲೂ ಅವನ ಶಿಸ್ತು ಅದೇ. ವಿಳಾಸ ಇರುವ ಯಾವ ಕಾಗದವೂ ಇಡಿಯಾಗಿ ಕಸದ ಬುಟ್ಟಿಗೆ ಬೀಳಬಾರದು. ಬ್ಯಾಂಕಿನ ಲಕೋಟೆ ಎಂಟು ಚೂರು, ಔಷಧಿಯ ಚೀಟಿ ಹದಿನಾರು, ಮತ್ತು ಒಂದೇ ಕಾಗದದ ಚೂರುಗಳು ಒಂದೇ ದಿನ ಒಂದೇ ಬುಟ್ಟಿಗೆ ಹೋಗಕೂಡದು. ಭಾವಮೈದುನಂದಿರು ಅವನಿಗೆ ಚೂರಪ್ಪ ಎಂದು ಹೆಸರಿಟ್ಟಿದ್ದರು. ಒಬ್ಬನಂತೂ ಮನೆಗೆ ಬಂದಾಗಲೆಲ್ಲ ತನ್ನ ಸಿನಿಮಾ ಟಿಕೆಟನ್ನು ಎರಡೂ ಕೈಯಿಂದ ಒಪ್ಪಿಸಿ, ಚೂರಪ್ಪ ಭಾವ, ಇದನ್ನೂ ಮುಗಿಸಿಬಿಡಿ, ನಾನು ಎಂಥ ಸಿನಿಮಾ ನೋಡ್ತೀನಂತ ಲೋಕಕ್ಕೆ ಗೊತ್ತಾಗೋದು ಬೇಡ, ಎನ್ನುತ್ತಿದ್ದ. ಅವನು ನಗುತ್ತಿರಲಿಲ್ಲ. ನಿಮ್ಮ ಹೆಸರು, ತಾರೀಖು, ಸಂಖ್ಯೆ, ಈ ಮೂರು ಒಬ್ಬನ ಕೈಗೆ ಒಟ್ಟಿಗೆ ಸಿಕ್ಕರೆ ನೀವು ಅಂದರೆ ಅವನೇ, ಎಂದು ಬೆರಳು ಮಡಿಸಿ ವಿವರಿಸುತ್ತಿದ್ದ. ಆ ಮೂರು ಈಗ ಅತ್ತೆಯ ಹೆಬ್ಬೆರಳ ಕೆಳಗಿದ್ದವು.

ಕೊಡಿ ಇಲ್ಲಿ, ಎಂದು ಕೈ ಚಾಚಿದ. ಅತ್ತೆ, ತಾಳಪ್ಪ, ಇನ್ನೂ ಇವೆ, ಎಂದು ಮೂರನೆಯದಕ್ಕೆ ಕೈ ಹಾಕಿದರು. ಅವನು ಹೆಚ್ಚುಕಡಿಮೆ ಕಿತ್ತುಕೊಂಡ. ಬೆರಳಗಲವೂ ಇಲ್ಲದ ಎಳೆ. ಅದರ ಉದ್ದಕ್ಕೂ ಲ್ಯಾಬಿನ ಅಚ್ಚಿನ ಅಕ್ಷರ, ಕೆಳಗೆ ತೆಳು ಬೂದು ಗೆರೆ, ಗೆರೆಯ ಕೆಳಗೆ ಮುಂದಿನ ಸಾಲಿನ ತಲೆ ಮಾತ್ರ. ಮೊದಲ ಸಾಲಿನಲ್ಲಿ ಎಲ್ಲಿಯೂ ಒಂದಕ್ಷರ ತುಂಡಾಗಿರಲಿಲ್ಲ. ಬೇಕೆಂದೇ ಯಾರೋ ಅಡಿಪಟ್ಟಿ ಇಟ್ಟು ಕೊಯ್ದ ಹಾಗಿತ್ತು. ಹೆಂಡತಿ ಏನಾಯಿತೆಂದು ಕೇಳಿದಳು. ಅವನು ಏನಿಲ್ಲ ಎಂದ, ಆಮೇಲೆ, ಈ ಬಟ್ಟಲು ಯಾವ ಅಂಗಡಿಯವು ಎಂದು ಕೇಳಿದ. ಬಿರುಕು ಬಿಟ್ಟಿದೆಯಾ ಎಂದು ಅವಳು ಗಾಬರಿಯಿಂದ ಬಟ್ಟಲು ತಿರುಗಿಸಿ ನೋಡಿದಳು.

ಚೂರು ಮಾಡುವ ಯಂತ್ರ ಲ್ಯಾಬಿಗೆ ಬಂದದ್ದು ನಕ್ಷೆ ಬರೆಯುವ ಕಚೇರಿಯೊಂದು ಮುಚ್ಚಿದಾಗ. ದೊಡ್ಡ ಹಾಳೆಗಳಿಗೆಂದು ಮಾಡಿದ ಅಗಲ ಬಾಯಿ, ಒಳಗೆ ಕಾಗದ ಕೊಯ್ಯುವ ಸಾಲು ಸಾಲು ಬಿಲ್ಲೆಗಳು. ಚೀಟಿಗಳನ್ನು ನೆಟ್ಟಗೆ, ತಲೆ ಮೊದಲು ಮಾಡಿ ಹಾಕಿದರೆ ಅರ್ಧ ದಾರಿಯಲ್ಲಿ ಸುರುಳಿ ಸುತ್ತಿಕೊಂಡು ಯಂತ್ರ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು. ಅಡ್ಡಡ್ಡ ಹಾಕಿದರೆ ದಾರಿ ಚಿಕ್ಕದು, ಹಾಳೆ ಸರಾಗವಾಗಿ ಇಳಿಯುತ್ತದೆ ಎಂದು ಕಂಡುಹಿಡಿದವನು ಅವನೇ. ಆ ದಿನದ ಖುಷಿ ಅವನಿಗೆ ಇನ್ನೂ ನೆನಪಿದೆ. ಸಂಜೆ ಮನೆಗೆ ಬರುವ ದಾರಿಯಲ್ಲಿ ಶಿಳ್ಳೆ ಹಾಕಿದ್ದ. ಮರುದಿನವೇ ಯಂತ್ರದ ಮೇಲಿನ ಗೋಡೆಗೆ ಸೂಚನೆ ಅಂಟಿಸಿದ. "ಹಾಳೆಗಳನ್ನು ಅಡ್ಡವಾಗಿಯೇ ಹಾಕತಕ್ಕದ್ದು." ಕೆಳಗೆ ಸಹಿ, ತಾರೀಖು. ಬಿಲ್ಲೆಗಳು ಹಾಳೆ ಇಳಿಯುವ ದಿಕ್ಕಿಗೇ ಸೀಳುತ್ತವೆ, ಅಡ್ಡ ಹಾಕಿದರೆ ಸೀಳು ಸಾಲಿನ ಜೊತೆ ಜೊತೆಗೇ ಹೋಗುತ್ತದೆ, ಒಂದು ಎಳೆಗೆ ಒಂದು ಸಾಲು ಅಚ್ಚುಕಟ್ಟಾಗಿ ಉಳಿಯುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಒಂದು ಎಳೆ ಎತ್ತಿ ನೋಡಿದ್ದರೆ ಸಾಕಿತ್ತು. ಅವನು ಬುಟ್ಟಿ ತುಂಬಿದ್ದನ್ನು ನೋಡುತ್ತಿದ್ದ, ಎಳೆಯನ್ನಲ್ಲ. ನೆಟ್ಟಗೆ ಹಾಕುವ ಚಾಳಿ ಬಿಡದೆ ಇದ್ದವಳು ಒಬ್ಬಳೇ, ಸ್ವಾಗತದ ಮೇಜಿನ ಹುಡುಗಿ. ಮೂವತ್ತು ದಾಟಿದ್ದರೂ ಲ್ಯಾಬಿನಲ್ಲಿ ಎಲ್ಲರಿಗೂ ಅವಳು ಹುಡುಗಿ. ಯೋಚಿಸಿ ಮಾಡಿದ್ದಲ್ಲ, ಕೈ ರೂಢಿ. ಒಂದು ದಿನ ಯಂತ್ರ ನಿಂತೇ ಹೋದಾಗ, ತೋಳಿನ ಬಟ್ಟೆ ಮಡಚಿ ಸೂಜಿಗೆ ಕಾದು ಕೂತಿದ್ದವರ ಎದುರಿಗೇ ಅವನು, ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದೆಯಲ್ಲ, ಓದೋಕೆ ಬರೋಲ್ವಾ, ಎಂದು ಕೇಳಿದ್ದ. ಅವಳು ಕಿವಿ ಕೆಂಪಗೆ ಮಾಡಿಕೊಂಡು ಸಿಕ್ಕಿಕೊಂಡ ಕಾಗದವನ್ನು ಉಗುರಿನಿಂದ ಕೆರೆದು ಕೆರೆದು ತೆಗೆದಿದ್ದಳು.

ಹೆಂಡತಿಯಿಂದ ಅಂಗಡಿಯ ಗುರುತು ತಿಳಿದುಕೊಂಡು ಬೀದಿಗೆ ಇಳಿದಾಗ ಚಪ್ಪಲಿ ಅದಲುಬದಲಾಗಿದ್ದು ಗೊತ್ತಾಯಿತು, ಒಂದು ತನ್ನದು, ಒಂದು ಸ್ನಾನದ ಮನೆಯದು. ಹಿಂದಿರುಗಲು ಮನಸ್ಸಾಗಲಿಲ್ಲ. ನಡೆಯುತ್ತ ಅವನು ತನ್ನನ್ನು ತಾನೇ ಪಾಟಿಸವಾಲು ಮಾಡಿಕೊಳ್ಳತೊಡಗಿದ. ಎಳೆ ಸಿಕ್ಕಿತು, ಸರಿ. ಆದರೆ ಆ ಮೇಷ್ಟರ ಎಳೆ ಸಿಕ್ಕಿಲ್ಲವಲ್ಲ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಹೋದ ತಿಂಗಳು ಲ್ಯಾಬಿಗೆ ಬಂದು, ಕೊಡೆಯನ್ನು ಮೇಜಿಗೆ ಬಡಿದು ಗಲಾಟೆ ಮಾಡಿದ್ದರು. ಅವರ ಹೆಸರಿನಲ್ಲಿ ಯಾರೋ ಫೋನಿನ ಸಂಪರ್ಕ ತೆಗೆದುಕೊಂಡು ಊರೂರಿನ ಜನಕ್ಕೆ ಮೋಸ ಮಾಡಿದ್ದರು. ಪೊಲೀಸರು ಬಂದದ್ದು ಮೇಷ್ಟರ ಮನೆ ಬಾಗಿಲಿಗೆ, ಮೊಮ್ಮಕ್ಕಳ ಎದುರಿಗೆ. ಗುರುತಿನ ಸಂಖ್ಯೆಯನ್ನು ಇತ್ತೀಚೆಗೆ ಕೊಟ್ಟಿದ್ದು ನಿಮ್ಮಲ್ಲಿ ಮಾತ್ರ, ಎಂದು ಅವರು ಹೇಳಿದರು. ತನಿಖೆ ಮಾಡಿದವನು ಅವನು. ವರದಿ ಬರೆದವನೂ ಅವನೇ. ಆ ವರದಿಯ ಒಂದು ವಾಕ್ಯದ ಮೇಲೆ ಅವನಿಗೆ ಅಭಿಮಾನವಿತ್ತು. "ಈ ಮೂರೂ ವಿವರಗಳು ಒಟ್ಟಿಗೆ ಕಾಣಸಿಗುವುದು ಸ್ವಾಗತದ ಮೇಜಿನಲ್ಲಿ ಮಾತ್ರ." ಚಿಕ್ಕ ವಾಕ್ಯ, ಒಂದು ಮಾತೂ ಹೆಚ್ಚಿಲ್ಲ. ಡಾಕ್ಟರಮ್ಮ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಸಹಿ ಹಾಕಿದ್ದರು. ಕೆಲಸ ಕಳೆದುಕೊಂಡ ಹುಡುಗಿ ಕುರ್ಚಿಯ ಬೆನ್ನಿಗೆ ಹಾಕಿದ್ದ ಶಾಲನ್ನೂ ನೀರಿನ ಬಾಟಲಿಯನ್ನೂ ಚೀಲಕ್ಕೆ ತುಂಬಿಕೊಂಡು ಅವನ ಕೋಣೆಯ ಬಾಗಿಲಲ್ಲಿ ನಿಂತಳು. "ನಾನು ಯಾರಿಗೂ ಕೊಟ್ಟಿಲ್ಲ ಸಾರ್. ಇದಕ್ಕಿಂತ ಹೆಚ್ಚು ಏನು ಹೇಳಬೇಕೋ ನನಗೆ ಗೊತ್ತಿಲ್ಲ." ಕೊಟ್ಟವರೆಲ್ಲ ಹೀಗೇ ಹೇಳುವುದು ಎಂದು ಅವನು ಅಂದುಕೊಂಡಿದ್ದ. ಕೊಡದವರು ಬೇರೆ ಹೇಗೆ ಹೇಳಬೇಕಿತ್ತು ಎಂಬ ಪ್ರಶ್ನೆ ಆಗ ಬರಲಿಲ್ಲ. ಹೋದ ವಾರ ಬೇರೊಂದು ಕ್ಲಿನಿಕ್ಕಿನವರು ಅವಳನ್ನು ತೆಗೆದುಕೊಳ್ಳಬಹುದೇ ಎಂದು ಫೋನಿನಲ್ಲಿ ವಿಚಾರಿಸಿದಾಗ ಅವನು, ನೋಡಿಕೊಂಡು ತಗೊಳ್ಳಿ, ಎಂದಿದ್ದ. ಸುಳ್ಳು ಹೇಳಿದಂತೆಯೂ ಆಗಲಿಲ್ಲ, ಕೆಟ್ಟದ್ದು ಹೇಳಿದಂತೆಯೂ ಆಗಲಿಲ್ಲ ಎಂದು ಆ ಮಾತಿನ ಬಗ್ಗೆಯೂ ಸಮಾಧಾನವಿತ್ತು.

ಪಿಂಗಾಣಿ ಅಂಗಡಿಯಲ್ಲಿ ಭಾನುವಾರದ ಗಿರಾಕಿಗಳು. ಅಂಗಡಿಯವನು ಒಬ್ಬ ಹೆಂಗಸಿಗೆ ಹೂಜಿ ಕಟ್ಟಿಕೊಡುತ್ತಿದ್ದ. ಎರಡೂ ಕೈಯಿಂದ ಎಳೆಗಳನ್ನು ಬಾಚಿ ಬಾಚಿ ಹೂಜಿಯ ಹೊಟ್ಟೆಗೆ ತುರುಕುತ್ತಿದ್ದ. ಅವನು ಅದನ್ನು ನೋಡುತ್ತ ನಿಂತ. ಒಂದು ಹಿಡಿಗೆ ಎಷ್ಟು ಜನ ಎಂದು ಲೆಕ್ಕ ಹಾಕಲು ಮನಸ್ಸು ಹೊರಟಿತು, ಬಲವಂತವಾಗಿ ತಡೆದ. ಗಲ್ಲಾದ ಕೆಳಗೆ ತುಂಬಿದ ಎರಡು ಚೀಲಗಳಿದ್ದವು. ಅವುಗಳನ್ನು ತನಗೆ ಕೊಡಬೇಕೆಂದು ಕೇಳಿದ. ಅಂಗಡಿಯವನು ಅವನ ಚಪ್ಪಲಿ ನೋಡಿ, ಮುಖ ನೋಡಿ, ಮನೆ ಬದಲಾಯಿಸ್ತಿದ್ದೀರಾ ಎಂದು ಕೇಳಿದ. ಇಲ್ಲ ಎಂದ. ಹಾಗಾದರೆ ಎಳೆ ಯಾಕೆ? ಬೇಕಾಗಿತ್ತು ಎಂದ. ಎಳೆ ಎಲ್ಲಿಂದ ಬರುತ್ತವೆ ಎಂದು, ಉತ್ತರ ಗೊತ್ತಿದ್ದೂ ಕೇಳಿದ.

"ನಿಮ್ಮ ಲ್ಯಾಬಿಂದಲೇ ಅಲ್ವಾ ಸಾರ್? ರದ್ದಿಯವನು ತಂದು ಹಾಕ್ತಾನೆ. ಯಾರು ಬೇಕಾದ್ರೂ ಒಯ್ಯಲಿ, ಅದು ಕಾಗದ ಅಲ್ಲ ಹೊಟ್ಟು ಅಂತ ನೀವೇ ಹೇಳಿದ್ರಂತೆ. ಒಳ್ಳೆ ಮಾಲು ಸಾರ್. ಹುಲ್ಲಾದ್ರೆ ಧೂಳು, ಇದು ನೋಡಿ ಎಷ್ಟು ಮೆತ್ತಗೆ."

ಅದು ಅವನದೇ ಮಾತು. ಕಾಗದ ಅಲ್ಲ, ಹೊಟ್ಟು. ಗೇಟಿನ ಹತ್ತಿರ ನಿಂತು, ಕೈ ಒರೆಸಿಕೊಳ್ಳುತ್ತ ಹೇಳಿದ್ದ. ಇವುಗಳಲ್ಲಿ ತಪ್ಪಿ ಖಾಸಗಿ ಹಾಳೆ ಸೇರಿಬಿಟ್ಟಿದೆ ಎಂದು ಈಗ ತಡವರಿಸಿ ಹೇಳಿದ. ಅಂಗಡಿಯವನಿಗೆ ಅದು ಹಿಡಿಸಲಿಲ್ಲ. ಒಂದು ಎಳೆ ಎತ್ತಿ ಕಣ್ಣಿನ ಹತ್ತಿರ ತಂದುಕೊಳ್ಳುವಷ್ಟರಲ್ಲಿ ಅವನು ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದ. ಪರರ ಕೈ ಹಾಗೆ ಹಿಡಿದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಕೊಡೋದು ಕೊಡ್ತೀನಿ ಸಾರ್, ಆದರೆ ಗಿರಾಕಿಗಳಿಗೆ ನಾನು ಯಾತರಲ್ಲಿ ಕಟ್ಟಲಿ, ನಿಮ್ಮ ಅಂಗೀಲಾ, ಎಂದ ಅಂಗಡಿಯವನು. ಹೂಜಿಯ ಹೆಂಗಸು ನಕ್ಕಳು. ಹಳೆಯ ಪತ್ರಿಕೆ ತಂದುಕೊಡುತ್ತೇನೆಂದು ಹೇಳಿ ಅವನು ಮನೆಗೆ ಓಡಿದ, ಮಂಚದ ಕೆಳಗಿನಿಂದ ಕಟ್ಟು ಎಳೆದ, ಹೊತ್ತು ತಂದ. ಅಂಗಡಿಯವನು ಮೇಲಿನ ಪತ್ರಿಕೆ ಬಿಡಿಸಿದ. ನಡುವೆ ಕಿಟಕಿಯಂಥ ತೂತು. ಎರಡನೆಯದರಲ್ಲೂ ತೂತು, ಮೂರನೆಯದರಲ್ಲೂ. ವಿಳಾಸವಿದ್ದ ಜಾಗಗಳು. ಅಂಗಡಿಯವನು ಆ ತೂತಿನಿಂದ ಅವನನ್ನು ನೋಡಿ, "ಇಲಿ ಭಾರಿ ಅಚ್ಚುಕಟ್ಟು ಸಾರ್ ನಿಮ್ಮನೇದು" ಎಂದ. ಹೂಜಿ ಎಷ್ಟೊತ್ತಿಗೋ ಕಟ್ಟಿ ಮುಗಿದಿತ್ತು. ಹೆಂಗಸು ಅದನ್ನೆತ್ತಿಕೊಂಡು ಹೋದಮೇಲೆ ಅವನಿಗೆ ನೆನಪಾಯಿತು: ಅದರ ಹೊಟ್ಟೆಯಲ್ಲೂ ಇದ್ದವು. ಬೀದಿಗೆ ಬಂದು ನೋಡಿದ. ಅವಳು ತಿರುವಿನಲ್ಲಿ ಮರೆಯಾಗಿದ್ದಳು. ಎಷ್ಟು ಹೂಜಿ, ಎಷ್ಟು ಬಟ್ಟಲು, ಎಷ್ಟು ದೀಪದ ಬುರುಡೆ ಈ ಊರಿನ ಎಷ್ಟು ಮನೆಯೊಳಗೆ ಹೋಗಿವೆಯೋ. ಇನ್ನು ಈ ಎರಡು ಚೀಲಕ್ಕೆ ಕೈ ಹಾಕುವುದೆಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆದರೂ ಹಾಕಬೇಕಲ್ಲ. ಎರಡು ಚೀಲಗಳನ್ನು ಎರಡು ಕಂಕುಳಲ್ಲಿ ಅವುಚಿಕೊಂಡು ಹೊರಟ. ಒಂದರ ಬಾಯಿ ಸಡಿಲವಿತ್ತು. ಗಾಳಿಗೆ ಹಾರಿದ ಎಳೆಗಳನ್ನು ಹೆಕ್ಕಲು ಬಗ್ಗಿದರೆ ಇನ್ನೊಂದು ಚೀಲ ಜಾರುತ್ತಿತ್ತು, ಅದನ್ನು ಹಿಡಿದರೆ ಮತ್ತಷ್ಟು ಹಾರುತ್ತಿದ್ದವು. ಔಷಧಿ ಅಂಗಡಿಯವನು ಬಾಗಿಲಿಗೆ ಬಂದು, ಸಹಾಯ ಬೇಕಾ ಎಂದ. ಬೇಡ ಬೇಡ, ಮುಟ್ಟಬೇಡಿ, ಎಂದು ಕೂಗಿದ್ದು ತೀರ ಜೋರಾಯಿತು.

ಮನೆಯಲ್ಲಿ ಚೀಲಗಳನ್ನು ಬಚ್ಚಲ ಮನೆಗೆ ಸುರಿದು, ಚಿಲಕ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ಮೇಷ್ಟರ ಎಳೆ ಹುಡುಕಿದ. ಯಾಕೆ ಹುಡುಕುತ್ತಿದ್ದೇನೆ ಎಂಬುದು ಹುಡುಕುತ್ತ ಹುಡುಕುತ್ತ ಸ್ಪಷ್ಟವಾಯಿತು. ಸಿಗಲಿ ಎಂದಲ್ಲ, ಸಿಗದಿರಲಿ ಎಂದು. ಸಿಗದಿದ್ದರೆ ಏನೂ ಸಾಬೀತಾಗಲಿಲ್ಲ. ಸಾಬೀತಾಗದ್ದನ್ನು ಹೇಳುವುದು ಬೇಜವಾಬ್ದಾರಿ. ಹುಡುಗಿಯ ವಿಷಯದಲ್ಲಿ ಸಾಬೀತಾಗಿತ್ತೇ ಎಂದು ಒಳಗಿನಿಂದ ಯಾರೋ ಕೇಳಿದರು, ಅತ್ತೆಯ ದನಿಯಲ್ಲಿ. ಅಪರಿಚಿತರ ಹುಟ್ಟಿದ ದಿನಗಳು ಒದ್ದೆ ನೆಲಕ್ಕೆ ಅಂಟಿಕೊಳ್ಳುತ್ತಿದ್ದವು. ಕೆಲವರು ಪರಿಚಿತರೇ. ಎದುರು ಮನೆಯವನು ತನ್ನ ಹೆಂಡತಿಗಿಂತ ಚಿಕ್ಕವನು ಎಂಬುದು ಈ ಕಾಗದದಿಂದ ತಿಳಿಯಿತು. ತಿಳಿದದ್ದನ್ನು ಮರೆಯುವುದು ಹೇಗೆ? ಮೇಷ್ಟರು ಸಿಗಲಿಲ್ಲ. ಸೊಂಟ ಹಿಡಿದುಕೊಂಡಿತು. ಆದರೆ ಸಮಾಧಾನ ಬರಲಿಲ್ಲ, ಯಾಕೆಂದರೆ ಅವನ ವಾಕ್ಯದಲ್ಲಿ 'ಮಾತ್ರ' ಎಂಬ ಮಾತಿತ್ತು. ಸ್ವಾಗತದ ಮೇಜಿನಲ್ಲಿ ಮಾತ್ರ. ಅತ್ತೆ ಬೆಳಿಗ್ಗೆ ಓದಿದ ಒಂದೇ ಒಂದು ಎಳೆ ಸಾಕು, ಆ 'ಮಾತ್ರ' ಸುಳ್ಳು. ಅದು ಬಿದ್ದರೆ ವಾಕ್ಯ ಬಿತ್ತು, ವಾಕ್ಯ ಬಿದ್ದರೆ ವರದಿ.

ಹೆಂಡತಿ ಬಾಗಿಲು ಬಡಿದಳು, ಬಚ್ಚಲು ಒಬ್ಬರ ಆಸ್ತಿ ಅಲ್ಲ ಎಂದಳು. ಅವನು ತೆಗೆದ. ಅವಳು ಎಳೆಗಳ ರಾಶಿ ನೋಡಿದಳು, ಅದರ ನಡುವೆ ಕೂತ ಗಂಡನನ್ನು ನೋಡಿದಳು. ಅವನು ಹೇಳುವುದನ್ನೆಲ್ಲ ಹೇಳಿದ, ಯಂತ್ರದ ಬಾಯಿ, ಬಿಲ್ಲೆಯ ದಿಕ್ಕು, ಸಾಲಿನ ಅಗಲ. ಅವಳಿಗೆ ಬಿಲ್ಲೆ ಬೇಕಾಗಿರಲಿಲ್ಲ.

"ಹಾಗಾದ್ರೆ ಆ ಹುಡುಗಿ ಮಾಡಿಲ್ಲ."

"ಮಾಡಿಲ್ಲ ಅಂತ ಹೇಳೋಕಾಗಲ್ಲ. ಮಾಡಿದ್ದಾಳೆ ಅಂತಲೂ ಹೇಳೋಕಾಗಲ್ಲ."

"ನೀವು ಹೇಳಿದ್ರಲ್ಲ."

ಅವನು ನಾಳೆ ಡಾಕ್ಟರಮ್ಮನ ಹತ್ತಿರ ಮಾತಾಡುತ್ತೇನೆ, ನೋಡೋಣ, ಎಂದ. ಏನು ನೋಡೋದು ಅದರಲ್ಲಿ, ಎಂದು ಅವಳು ಬಕೀಟು ಎತ್ತಿಕೊಂಡು ಹೋದಳು. ಹೊರಗೆ ಅತ್ತೆ, ಏನಂತೆ ಎಂದು ಕೇಳುವುದೂ, ಅವಳು, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲಮ್ಮ, ಎನ್ನುವುದೂ ಕೇಳಿಸಿತು. ಯಾರ ಮಾನ ಎಂದು ಅವಳು ಹೇಳಲಿಲ್ಲ.

ಸೋಮವಾರ ಡಾಕ್ಟರಮ್ಮ ಅವನ ಮಾತನ್ನು ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕದೆ ಕೇಳುವುದು ಅವರ ದೊಡ್ಡ ಗುಣ, ಅದು ಅವತ್ತು ಅವನಿಗೆ ತಡೆಯಲಾರದ ಹಿಂಸೆಯಾಯಿತು. ಅವನು ಕೊಟ್ಟ ಎಳೆಯನ್ನು ಕನ್ನಡಕದ ಕೆಳಗೆ ಹಿಡಿದು ಓದಿದರು. ಪಾಪ, ನಿಮ್ಮ ಭಾನುವಾರ ಹಾಳಾಯ್ತು, ಎಂದರು. ಆಮೇಲೆ ಕಾಲಿನಿಂದ ಮೇಜಿನ ಕೆಳಗಿನ ಹಳದಿ ಡಬ್ಬಿಯ ಮುಚ್ಚಳ ತೆರೆದು, ಬಳಸಿದ ಹತ್ತಿಗಳ ಮೇಲೆ ಎಳೆಯನ್ನು ಬಿಟ್ಟರು. ಮುಚ್ಚಳ ತಾನಾಗಿಯೇ ಮುಚ್ಚಿಕೊಂಡಿತು. ಚೀಲಗಳನ್ನೂ ಇವತ್ತಿನ ಸೋಂಕು ಕಸದ ಗಾಡಿಗೇ ಹಾಕಿಬಿಡಿ, ಅವರು ನೇರ ಕುಲುಮೆಗೆ ಹಾಕ್ತಾರೆ, ಯಾರೂ ಕೆದಕಲ್ಲ ಎಂದರು. ಗೋಡೆಯ ಸೂಚನೆ ತೆಗೆದುಬಿಡಿ. ಪುಡಿ ಪುಡಿ ಮಾಡುವ ಹೊಸ ಯಂತ್ರ ನೀವೇ ನೋಡಿ ಆರಿಸಿ, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ? ಅವನಿಗೆ ಕಾಲಕೆಳಗಿನ ನೆಲ ನಯವಾಗಿ ಜಾರುತ್ತಿದೆ ಅನ್ನಿಸಿತು. ಆ ಹುಡುಗಿ, ಎಂದ. ಡಾಕ್ಟರಮ್ಮ ಲೇಖನಿಯ ಮುಚ್ಚಳ ತೆಗೆದರು.

"ಹೋದವಳು ಹೋದಳು. ಈಗ ವಾಪಸ್ ಕರೆದ್ರೆ ಯಾಕೆ ಅಂತ ಊರೇ ಕೇಳುತ್ತೆ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆಯೋದು ಯಾಕೆ? ಮತ್ತೆ ನೋಡಿ, ವರದಿ ಬರೆದಿದ್ದು ನೀವು. ನಾನು ನಂಬಿ ಸಹಿ ಹಾಕಿದೆ, ಅಷ್ಟೆ."

ಅದರಲ್ಲಿ ಬೆದರಿಕೆ ಇರಲಿಲ್ಲ. ವಾತ್ಸಲ್ಯವೇ ಇತ್ತು, ಸೂಜಿ ಚುಚ್ಚುವ ಮುಂಚೆ ತೋಳು ಸವರುವಂಥದ್ದು. ಅವನು ಆಗಲಿ ಎಂದ. ಆಗಲಿ ಎಂದದ್ದು ತನ್ನ ಬಾಯಿಯೇ ಎಂದು ಕೋಣೆಯಿಂದ ಹೊರಬಂದ ಮೇಲೆ ಪರೀಕ್ಷಿಸಿಕೊಳ್ಳುವವನಂತೆ ತುಟಿ ಮುಟ್ಟಿ ನೋಡಿಕೊಂಡ. ಚೀಲಗಳು ಗಾಡಿಗೆ ಹೋದವು. ಗಾಡಿಯವನು ಕೈಗವಸು ಹಾಕಿಕೊಂಡೇ ಅವುಗಳನ್ನು ಮುಟ್ಟಿದ. ಇದರಲ್ಲಿ ಏನು ರೋಗ ಇದೆ ಎಂದು ಕೇಳಿದ. ಸ್ವಾಗತದ ಮೇಜಿನಲ್ಲಿ ಹೊಸದಾಗಿ ಬಂದ ತರುಣ, ಗುರುತಿನ ಚೀಟಿ ಕೊಡಿ, ಗುರುತಿನ ಚೀಟಿ ಕೊಡಿ, ಎಂದು ಬಂದವರನ್ನೆಲ್ಲ ಕೇಳುತ್ತಿದ್ದ, ಬಂದವರೆಲ್ಲ ನಂಬಿ ಕೊಡುತ್ತಿದ್ದರು. ಇಡೀ ದಿನ ಅವನು ಯಂತ್ರಗಳ ಚಿತ್ರಪುಸ್ತಕ ತಿರುವಿದ. ಒಂದು ಯಂತ್ರ ಹಾಳೆಯನ್ನು ಅಕ್ಕಿಕಾಳಿಗಿಂತ ಚಿಕ್ಕದು ಮಾಡುತ್ತಿತ್ತು. ಹಾಗೆ ಮಾಡಿದ್ದನ್ನು ದೇವರೂ ಜೋಡಿಸಲಾರ. ಬಿಟ್ಟಬಾಯಿ ಬಿಟ್ಟಂತೆ ಆ ಚಿತ್ರವನ್ನು ನೋಡುತ್ತಿದ್ದಾಗ, ಇದು ಬಂದ ಮೇಲೆ ಹಳೆಯದನ್ನು ರದ್ದಿಗೆ ಎತ್ತುತ್ತಾರೆ, ಆಮೇಲೆ ಅಡ್ಡ ಹಾಕಿದ್ದನ್ನೂ ಉದ್ದ ಹಾಕಿದ್ದನ್ನೂ ಯಾರಿಗೂ ತೋರಿಸಲಾಗದು ಎಂದು ಹೊಳೆಯಿತು. ಅವನಿಗೆ ಒಮ್ಮೆಲೇ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಡಾಕ್ಟರಮ್ಮನ ಮೃದು ದನಿಯ ಮೇಲೆ, ಅಂಗಡಿಯವನ ಹಾಸ್ಯದ ಮೇಲೆ, ಏನು ನೋಡೋದು ಎಂದ ಹೆಂಡತಿಯ ಮೇಲೆ, ಬಾಯಿ ಮುಚ್ಚಿಕೊಂಡು ಶಾಲು ತುಂಬಿಕೊಂಡು ಹೋದ ಆ ಹುಡುಗಿಯ ಮೇಲೂ. ಕೂಗಾಡಬಾರದಿತ್ತೇ, ಮೇಷ್ಟರ ಹಾಗೆ ಕೊಡೆ ಬಡಿಯಬಾರದಿತ್ತೇ?

ಎಲ್ಲರೂ ಹೊರಟ ಮೇಲೆ, ಇನ್ನೂ ಬೆಳಕಿರುವಾಗಲೇ, ಅವನು ಯಂತ್ರದ ಕೋಣೆಗೆ ಹೋಗಿ ಗೋಡೆಯ ಸೂಚನೆಯನ್ನು ಮೂಲೆ ಹರಿಯದಂತೆ ಬಿಡಿಸಿದ. ಮಡಚಿ ಜೇಬಿಗಿಟ್ಟ. ಸೂಚನೆಯಲ್ಲಿದ್ದ ತಾರೀಖು ಮೇಷ್ಟರ ಪರೀಕ್ಷೆಗಿಂತ ಮುಂಚಿನದು. ಆದರೆ ಸೂಚನೆ ಒಂದೇ ಸಾಲದು, ಅಡ್ಡ ಹಾಕಿದರೆ ಏನಾಗುತ್ತದೆಂದು ತೋರಿಸಬೇಕು. ಎಳೆ ಎಲ್ಲ ಕುಲುಮೆಗೆ ಹೋಗಿದೆ. ಹೋಗದಿದ್ದರೂ, ಯಾವನೋ ಒಬ್ಬನ ಹೆಸರು ಸಂಖ್ಯೆಯನ್ನು ಹೊತ್ತುಕೊಂಡು ಹೋಗಿ ಇನ್ನೊಬ್ಬರ ಕೈಗೆ ಕೊಡುವುದೆಂದರೆ ಅದೇ ತಪ್ಪನ್ನು ಎರಡನೆಯ ಸಲ ಮಾಡಿದ ಹಾಗೆ. ಹೋದ ವರ್ಷ ಸಿಬ್ಬಂದಿಗೆಲ್ಲ ರಕ್ತ ಪರೀಕ್ಷೆ ಆಗಿತ್ತು, ಅವನದೂ ಆಗಿತ್ತು. ಕಂಪ್ಯೂಟರಿನಲ್ಲಿ ತನ್ನ ನೋಂದಣಿ ಹುಡುಕಿ ಮುದ್ರಿಸಿದ. ಹಾಳೆ ಬೆಚ್ಚಗಿತ್ತು. ಅಡ್ಡವಾಗಿ ಯಂತ್ರದ ಬಾಯಿಗೆ ಕೊಟ್ಟ. ಸರಾಗವಾಗಿ ಇಳಿಯಿತು, ಅವನು ಹೇಳಿದ್ದ ಹಾಗೆಯೇ. ಬುಟ್ಟಿಗೆ ಕೈ ಹಾಕಿ ಮೊದಲ ಸಾಲಿನ ಎಳೆ ಹುಡುಕಿದ. ಹೆಸರು, ತಾರೀಖು, ಸಂಖ್ಯೆ. ತಾನು. ಜೀವಮಾನವೆಲ್ಲ ಎಂಟು ಚೂರು ಹದಿನಾರು ಚೂರು ಮಾಡಿ ಬೇರೆ ಬೇರೆ ಬುಟ್ಟಿಗೆ ಹಾಕುತ್ತ ಬಂದದ್ದು ಇಷ್ಟುದ್ದ ಬಿಳಿ ಕಾಗದದಲ್ಲಿ ಅಂಗೈ ಮೇಲೆ ಮಲಗಿತ್ತು.

ಹುಡುಗಿಯ ಮನೆ ಲಿಫ್ಟ್ ಇಲ್ಲದ ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ಬಾಗಿಲು ತೆಗೆದವಳು ಅವಳೇ, ಕೈಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅಂಗಿ. ಒಳಗೆ ಯಾರೋ ವಯಸ್ಸಾದವರು ಯಾರದು ಎಂದು ಕೇಳಿದರು. ಹಳೆ ಆಫೀಸಿನವರಪ್ಪ, ಎಂದು ಅವಳು ತಿರುಗಿ ಹೇಳಿ, ಬಾಗಿಲನ್ನು ಅಷ್ಟೇ ತೆರೆದು ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ. ದಾರಿಯುದ್ದಕ್ಕೂ ಅವನು ಜೋಡಿಸಿಕೊಂಡು ಬಂದಿದ್ದ ಮಾತು ಕಾಲು ಭಾಗವೂ ಬಾಯಿಗೆ ಬರಲಿಲ್ಲ. ಯಂತ್ರ, ಅಡ್ಡ, ಸಾಲು, ಬಟ್ಟಲು ಎಂದು ತೊದಲಿದ. ಅತ್ತೆಯ ವಿಷಯ ಯಾಕೆ ಬಂತೋ, ಅದೂ ಬಂತು. ಡಾಕ್ಟರಮ್ಮ ಒಪ್ಪಲಿಲ್ಲ ಎಂದೂ ಹೇಳಿದ. ಆಮೇಲೆ ಸೂಚನೆಯನ್ನೂ ಎಳೆಯನ್ನೂ ಚಾಚಿದ. ಅವಳು ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಮೊದಲು ಸೂಚನೆ ಓದಿದಳು. ಅಷ್ಟು ದಪ್ಪ ಅಕ್ಷರ. ಓದಲು ಬರುವುದಿಲ್ಲವೇ ಎಂದು ತಾನು ಕೇಳಿದ್ದು ಅವಳಿಗೂ ಈಗ ನೆನಪಾಗುತ್ತಿದೆಯೇ ಎಂದು ಅವಳ ಕಿವಿಯನ್ನು ನೋಡಿದ, ಅದು ಕೆಂಪಾಗಲಿಲ್ಲ. ಆಮೇಲೆ ಎಳೆಯನ್ನು ದೀಪದ ಕಡೆ ಹಿಡಿದು, ತುದಿಯಿಂದ ತುದಿಗೆ, ನಿಧಾನವಾಗಿ ಓದಿದಳು.

"ನಿಮಗೆ ಇಷ್ಟೇನಾ ವಯಸ್ಸು?" ಎಂದಳು. "ನಾನು ಜಾಸ್ತಿ ಅಂದ್ಕೊಂಡಿದ್ದೆ."

ಇದನ್ನು ಇಟ್ಟುಕೊಳ್ಳಬಹುದೇ ಎಂದು ಅವಳು ಕೇಳಿದಳು, ಇಟ್ಟುಕೊಳ್ಳಲೆಂದೇ ತಂದದ್ದು ಎಂದ. ಇಷ್ಟಕ್ಕೆ ನಿಲ್ಲಿಸಬೇಕಿತ್ತು. ನಾಲಿಗೆಯ ಚಾಳಿ ನಿಲ್ಲಲಿಲ್ಲ.

"ಸ್ವಲ್ಪ ಜೋಪಾನ. ಅದರಲ್ಲಿ ನನ್ನ ಎಲ್ಲಾ..."

ಅವಳು ಅವನನ್ನು ನೋಡಿದಳು. ಸಿಟ್ಟೂ ಅಲ್ಲ, ನಗುವೂ ಅಲ್ಲ. ಸುಕ್ಕು ಹೋಗದ ಬಟ್ಟೆಯನ್ನು ಇನ್ನೊಮ್ಮೆ ಮೇಜಿಗೆ ಹಾಕಬೇಕೋ ಬೇಡವೋ ಎಂದು ನೋಡುವ ಹಾಗೆ. ಆಮೇಲೆ ಬಾಗಿಲು ಮುಚ್ಚಿಕೊಂಡಿತು. ಕ್ಷಮಿಸಿ ಎಂಬ ಮಾತನ್ನು ತಾನು ಹೇಳಲೇ ಇಲ್ಲ ಎಂದು ಎರಡು ಅಂತಸ್ತು ಇಳಿದ ಮೇಲೆ ಗೊತ್ತಾಯಿತು. ಮತ್ತೆ ಹತ್ತಬೇಕೆಂದು ಒಂದು ಮೆಟ್ಟಿಲ ಮೇಲೆ ಕಾಲಿಟ್ಟ. ಮೇಲಿನಿಂದ ಅವಳು ತಂದೆಗೆ ಏನನ್ನೋ ಗಟ್ಟಿಯಾಗಿ ಓದಿ ಹೇಳುತ್ತಿದ್ದುದು ಕೇಳಿಸಿತು. ಅವನ ಹೆಸರು. ಆಮೇಲೆ ತಾರೀಖು.

ಮನೆಯಲ್ಲಿ ಹೊಸ ಬಟ್ಟಲಿನಲ್ಲಿ ಚಹಾ ಕೊಟ್ಟು ಹೆಂಡತಿ, ಮಾತಾಡಿದ್ರಾ, ಎಂದಳು. ಹೂಂ ಎಂದ. ಅತ್ತೆ ಓದುತ್ತಿದ್ದ ಪುಸ್ತಕ ಮುಚ್ಚುವಾಗ ಪುಟದ ಗುರುತಿಗೆಂದು ಒಂದು ಬಿಳಿ ಎಳೆಯನ್ನು ನಡುವೆ ಇಟ್ಟರು. ಅವನು ನೋಡಿದ, ಚಹಾ ಕುಡಿದ.

ಮರುವಾರ ಲ್ಯಾಬ್ ವಿಳಾಸಕ್ಕೆ ಅವನ ಹೆಸರಿಗೂ ಡಾಕ್ಟರಮ್ಮನ ಹೆಸರಿಗೂ ಹುಡುಗಿಯ ಪರವಾಗಿ ವಕೀಲರ ನೋಟೀಸು ಬಂತು. ಸೂಚನೆಯ ಒಂದು ನಕಲು, ಎಳೆಯ ಒಂದು ನಕಲು ಲಗತ್ತಿಸಿದ್ದರು. ಎಳೆಯ ನಕಲಿನಲ್ಲಿ ಹೆಸರು ಮಾತ್ರ ಬಿಟ್ಟು ತಾರೀಖನ್ನೂ ಸಂಖ್ಯೆಯನ್ನೂ ಯಾರೋ ಕಪ್ಪು ಮಸಿಯಿಂದ, ಗೆರೆ ದಾಟದಂತೆ, ಮುಚ್ಚಿದ್ದರು. ಬಂದ ಟಪಾಲನ್ನು ದಾಖಲಿಸುವುದು ಮ್ಯಾನೇಜರನ ಕೆಲಸವಾದ್ದರಿಂದ ಅವನು ಅದನ್ನು ದಾಖಲಿಸಿ, ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟು, ಎದುರಿನ ಕುರ್ಚಿಯಲ್ಲಿ ಕೂತ.